ಮೀನು ಹಿಡಿದದ್ದು ಯಾರು? ಕಾವೇರಿಯ ಗಾಳದ ಕಥನಗಳನ್ನು ಓದುತ್ತಾ

1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಇಂಗ್ಲಿಷ್ ಪುಸ್ತಕವೊಂದು ಅಚ್ಚಾಯಿತು. ಬರೆದವರು ಎಚ್.ಎಸ್. ಥಾಮಸ್. ಮದ್ರಾಸ್ ಸಿವಿಲ್ ಸರ್ವಿಸ್‌ನ ಅಧಿಕಾರಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಭಾರತದ ನದಿಗಳಲ್ಲಿ ಗಾಳ ಹಾಕುವುದು ಹೇಗೆ, ಅದರಲ್ಲೂ ಮಶೀರ್ ಎಂಬ ಬಲಿಷ್ಠ ಮೀನನ್ನು ಹಿಡಿಯುವುದು ಹೇಗೆ ಎಂದು ಬಿಳಿಯ ಅಧಿಕಾರಿಗಳಿಗೆ ಹೇಳಿಕೊಟ್ಟ ಪುಸ್ತಕ ಅದು. ಮುಂದೆ 1894ರಲ್ಲಿ ಕಿಟೆಲ್ ನಿಘಂಟನ್ನು ಹೊರತಂದದ್ದೂ ಇದೇ ಮಿಷನ್. ನಿಘಂಟಿನ ಕತೆ ಕನ್ನಡ ಎಂ.ಎ. ಓದಿದ ಎಲ್ಲರಿಗೂ ಗೊತ್ತು. ಗಾಳದ ಪುಸ್ತಕವನ್ನು ನಾನು ತರಗತಿಯಲ್ಲಿ ಯಾರ ಬಾಯಲ್ಲೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ ಎನ್ನಬಹುದು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಹೊಳೆಯುತ್ತದೆ. ಎರಡೂ ಇಲ್ಲಿನ ಜನರ ತಿಳಿವಳಿಕೆಯ ಮೇಲೆ ನಿಂತ ಪುಸ್ತಕಗಳು. ಒಂದು ಅವರ ಮಾತಿನ ತಿಳಿವಳಿಕೆಯ ಮೇಲೆ, ಇನ್ನೊಂದು ಅವರ ನೀರಿನ ತಿಳಿವಳಿಕೆಯ ಮೇಲೆ.

ಬೇಟೆ ಮತ್ತು ಕಾಡಿನ ಕಥನಗಳು ನನ್ನ ಪಿಎಚ್.ಡಿ.ಯ ವಿಷಯ. ಹುಲಿ ಬೇಟೆಯ ಸಾಹಿತ್ಯದ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಜಿಮ್ ಕಾರ್ಬೆಟ್, ಕೆನೆತ್ ಆಂಡರ್ಸನ್ ಇಬ್ಬರನ್ನೂ ನಾವು ವಸಾಹತುಶಾಹಿಯ ಚೌಕಟ್ಟಿನಲ್ಲಿಟ್ಟು ಮತ್ತೆ ಮತ್ತೆ ಓದಿದ್ದೇವೆ. ಗಾಳದ ಸಾಹಿತ್ಯ ಮಾತ್ರ ಈ ವಿಚಾರಣೆಯಿಂದ ತಪ್ಪಿಸಿಕೊಂಡಿದೆ. ಕೋವಿ ಸದ್ದು ಮಾಡುತ್ತದೆ, ಗಾಳ ಮಾಡುವುದಿಲ್ಲ. ಮೇಲಾಗಿ ಈಗ ಹಿಡಿದ ಮೀನನ್ನು ಮತ್ತೆ ಹೊಳೆಗೆ ಬಿಡುವ ಪದ್ಧತಿ ಬಂದಿರುವುದರಿಂದ ಇಲ್ಲಿ ಹಿಂಸೆಯ ಪ್ರಶ್ನೆಯೂ ಅಷ್ಟಾಗಿ ಏಳುವುದಿಲ್ಲ. ಹಾಗಾಗಿ ನಾನು ಕೇಳಬೇಕೆಂದಿರುವುದು ಬೇರೆಯೇ ಒಂದು ಸರಳ ಪ್ರಶ್ನೆ: ಈ ಬರಹಗಳಲ್ಲಿ ಮೀನು ಹಿಡಿದದ್ದು ಯಾರು?

ಪ್ರಶ್ನೆ ಅರ್ಥವಾಗಬೇಕಾದರೆ ಗಾಳದ ಶಿಬಿರವೆಂದರೆ ಏನು ಎಂದು ಸ್ವಲ್ಪ ಹೇಳಬೇಕು. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮೇಕೆದಾಟು ಸೇರುವ ತನಕ ಕಾಡಿನ ನಡುವೆ, ಬಂಡೆಗಳ ಸಂದಿಯಲ್ಲಿ ಹರಿಯುತ್ತಾಳೆ. ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ ಇವೆಲ್ಲ ಆ ದಂಡೆಯ ಜಾಗಗಳು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಯುವಕರ ತಂಡ, ಮುಗಿದೇ ಹೋಯಿತು ಎಂದುಕೊಂಡಿದ್ದ ದೊಡ್ಡ ಮಶೀರ್‌ಗಳು ಇಲ್ಲಿ ಇನ್ನೂ ಇವೆ ಎಂದು ಜಗತ್ತಿಗೆ ಸಾರಿತು. ಆಮೇಲೆ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಮತ್ತು ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಗಳ ಆಸರೆಯಲ್ಲಿ ಈ ದಂಡೆ ಗಾಳದವರ ತೀರ್ಥಕ್ಷೇತ್ರವಾಯಿತು. ದೂರದೂರದಿಂದ ಬಂದವರು ಡೇರೆಯಲ್ಲಿ ಉಳಿಯುತ್ತಿದ್ದರು. ಬೆಳಿಗ್ಗೆ ಸಂಜೆ ಗೈಡ್ ಜೊತೆ ಹೊಳೆಗೆ ಇಳಿಯುತ್ತಿದ್ದರು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಬಿಟ್ಟುಬಿಡುತ್ತಿದ್ದರು. ಗೈಡ್‌ಗಳು ಅಕ್ಕಪಕ್ಕದ ಹಳ್ಳಿಯವರು. ಒಂದು ಕಾಲಕ್ಕೆ ಬಲೆ ಬೀಸುತ್ತಿದ್ದ, ಸಿಡಿಮದ್ದು ಹಾಕುತ್ತಿದ್ದ ಕೆಲವರೂ ಅವರಲ್ಲಿದ್ದರು.

ಗೈಡ್ ಮಾಡುವ ಕೆಲಸದ ಪಟ್ಟಿ ದೊಡ್ಡದು. ಯಾವ ಬಂಡೆಯ ಹಿಂದೆ ಇವತ್ತು ಮೀನಿದೆ ಎಂದು ಹೇಳಬೇಕು. ಹರಿಗೋಲು ಹಾಕಬೇಕು. ರಾಗಿ ಹಿಟ್ಟನ್ನು ಬೇಯಿಸಿ, ನಾದಿ, ನೀರಿನಲ್ಲಿ ಕರಗದಷ್ಟು ಗಟ್ಟಿಯಾಗಿ ಉಂಡೆ ಕಟ್ಟಿ ಕೊಕ್ಕೆಗೆ ಸಿಕ್ಕಿಸಬೇಕು. ಮೀನು ಗಾಳ ಕಚ್ಚಿ ರಭಸದ ನೀರಿಗೆ ಓಡಿದಾಗ ದಾರ ಬಂಡೆಗೆ ಸಿಕ್ಕಿಕೊಳ್ಳುತ್ತದೆ. ಆಗ ಹರಿಗೋಲಿನಲ್ಲಿ ಹೋಗಿ ಬಿಡಿಸಬೇಕು. ಆನೆ ಬಂದರೆ ನೋಡಿಕೊಳ್ಳಬೇಕು, ಮೊಸಳೆ ಇರುವ ಮಡು ಯಾವುದು ಎಂದು ಗೊತ್ತಿರಬೇಕು. ಕೊನೆಗೆ ಮೀನನ್ನು ಕೈಯಲ್ಲಿ ಹಿಡಿದು ದಡಕ್ಕೆ ತರಬೇಕು. ಅತಿಥಿ ಮಾಡುವ ಕೆಲಸ ಎಸೆಯುವುದು, ಕಾಯುವುದು, ಎಳೆಯುವುದು. ಅದು ಸುಲಭ ಎಂದು ನಾನು ಹೇಳುತ್ತಿಲ್ಲ. ಎಪ್ಪತ್ತು ಎಂಬತ್ತು ಪೌಂಡಿನ ಮೀನನ್ನು ಗಂಟೆಗಟ್ಟಲೆ ಆಡಿಸುವುದಕ್ಕೆ ತೋಳಿನ ಬಲವೂ ತಾಳ್ಮೆಯೂ ಬೇಕು. ಆದರೆ ಬರಹದಲ್ಲಿ ಬರುವ ‘ನಾನು ಹಿಡಿದೆ’ ಎಂಬ ವಾಕ್ಯ ಈ ಇಬ್ಬರ ಕೆಲಸವನ್ನು ಒಬ್ಬನ ಹೆಸರಿಗೆ ಬರೆದುಕೊಳ್ಳುತ್ತದೆ.

ಇಲ್ಲಿ ರಾಗಿಯ ಬಗ್ಗೆ ಒಂದು ಮಾತು. ಇಂಗ್ಲಿಷ್ ಗಾಳದ ಸಾಹಿತ್ಯದಲ್ಲಿ ವರ್ಣಾಶ್ರಮದಂಥ ಒಂದು ಶ್ರೇಣಿಯಿದೆ. ಎಲ್ಲಕ್ಕಿಂತ ಮೇಲಿರುವುದು ಫ್ಲೈ, ಅಂದರೆ ಕೊಕ್ಕೆಗೆ ಗರಿ, ತುಪ್ಪಳ, ದಾರ ಕಟ್ಟಿ ಮಾಡಿದ ಹುಳುವಿನ ಸೋಗು. ಅದನ್ನು ನೀರಿನ ಮೇಲೆ ನಿಜವಾದ ಹುಳುವಿನಂತೆ ಇಳಿಸುವುದು ಕಲೆ. ಎರೆಹುಳು, ಹಿಟ್ಟು ಕಟ್ಟಿ ಹಿಡಿಯುವುದು ಹೊಟ್ಟೆಪಾಡಿನವರ ಕೆಲಸ. ಕಾವೇರಿ ಈ ಶ್ರೇಣಿಯನ್ನು ತಲೆಕೆಳಗು ಮಾಡಿದಳು. ಫ್ಲೈ ಕಟ್ಟಿಕೊಂಡು ಬಂದವರಿಗೂ ಇಲ್ಲಿ ಸಣ್ಣ ಮೀನು ಬೀಳುತ್ತಿದ್ದವು. ದೊಡ್ಡ ಮಶೀರ್ ಬೇಕೆಂದವರು ಹೆಚ್ಚಾಗಿ ರಾಗಿ ಉಂಡೆಗೇ ಬರಬೇಕಾಗುತ್ತಿತ್ತು. ಗೈಡ್ ಮನೆಯಲ್ಲಿ ಉಣ್ಣುವ ಧಾನ್ಯವೇ ಗಾಳದ ತುದಿಯಲ್ಲೂ ಇತ್ತು. ಈ ಒಂದು ಸಂಗತಿಯಿಂದ ಎಂಥ ಪ್ರಬಂಧ ಹುಟ್ಟಬಹುದಿತ್ತು! ನಾನು ಓದಿದ ಶಿಬಿರದ ಬರಹಗಳಲ್ಲಿ ರಾಗಿ ಒಂದು ವಿಚಿತ್ರ ಸ್ಥಳೀಯ ಪಾಕವಾಗಿ ಬಂದು, ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ.

ಈ ಪ್ರಕಾರದ ಮೂಲಕ್ಕೆ ಹೋದರೆ ಬೇರೆಯದೇ ಚಿತ್ರ ಸಿಗುತ್ತದೆ. ಐಸಾಕ್ ವಾಲ್ಟನ್‌ನ ‘ದಿ ಕಂಪ್ಲೀಟ್ ಆಂಗ್ಲರ್’ ಪ್ರಕಟವಾದದ್ದು 1653ರಲ್ಲಿ. ಫ್ಲೈ ಮೀನುಗಾರಿಕೆಯ ಬಗ್ಗೆ ಚಾರ್ಲ್ಸ್ ಕಾಟನ್ ಬರೆದ ಭಾಗ 1676ರಲ್ಲಿ ಅದಕ್ಕೆ ಸೇರಿತು. ವಾಲ್ಟನ್‌ನ ಪುಸ್ತಕ ಇರುವುದು ಸಂಭಾಷಣೆಯ ರೂಪದಲ್ಲಿ. ಗಾಳದವನು ಹೇಳಿಕೊಡುತ್ತಾನೆ, ಬೇಟೆಗಾರ ಕೇಳಿ ಕಲಿಯುತ್ತಾನೆ. ನಮ್ಮ ಗುರು-ಶಿಷ್ಯ ಸಂವಾದದ ಪರಂಪರೆ ಗೊತ್ತಿರುವವರಿಗೆ ಇದು ಪರಿಚಿತವೆನಿಸುತ್ತದೆ. ಅಲ್ಲಿ ಬಲ್ಲವನಿಗೆ ಮಾತು ಹೆಚ್ಚು, ಕಲಿಯುವವನಿಗೆ ಕಡಿಮೆ. ಕಾಡಿನ ಶಿಬಿರದ ಕಥನದಲ್ಲಿ ಈ ಸಂಬಂಧ ಉಲ್ಟಾ ಆಗಿದೆ. ಹೊಳೆಯನ್ನು ಬಲ್ಲವನು ಬೆರಳು ತೋರಿಸುತ್ತಾನೆ, ನಗುತ್ತಾನೆ, ಕೂಗುತ್ತಾನೆ. ಅವನ ಬಾಯಿಗೆ ಪೂರ್ಣ ವಾಕ್ಯ ಸಿಗುವುದು ಅಪರೂಪ. ನಾಲ್ಕು ದಿನ ಇರಲು ಬಂದ ಶಿಷ್ಯ ಪುಸ್ತಕ ತುಂಬ ಮಾತಾಡುತ್ತಾನೆ.

ಅಮೆರಿಕದ ಬರಹಗಾರರಲ್ಲಿ ಈ ಸಮಸ್ಯೆ ಹೀಗೆ ಹುಟ್ಟುವುದಿಲ್ಲ. ಹೆಮಿಂಗ್ವೇಯ ‘ಬಿಗ್ ಟೂ-ಹಾರ್ಟೆಡ್ ರಿವರ್’ ಕತೆಯಲ್ಲಿ ನಿಕ್ ಒಬ್ಬನೇ. ಗುಡಾರ ಹೊಡೆಯುವುದರಿಂದ ಹಿಡಿದು ಮಿಡತೆ ಹಿಡಿದು ಕೊಕ್ಕೆಗೆ ಚುಚ್ಚುವವರೆಗೆ ಎಲ್ಲ ಅವನದೇ ಕೈಕೆಲಸ. ನಾರ್ಮನ್ ಮೆಕ್ಲೀನ್‌ನ ‘ಎ ರಿವರ್ ರನ್ಸ್ ಥ್ರೂ ಇಟ್’ (1976) ಕೃತಿಯಲ್ಲಿ ಫ್ಲೈ ಗಾಳವನ್ನು ಕಲಿಸುವವನು ಅಪ್ಪ, ಜೊತೆಯಲ್ಲಿರುವವನು ತಮ್ಮ. ಅಲ್ಲಿ ಹೊಳೆಯ ಏಕಾಂತ ನಿಜವಾದ ಏಕಾಂತ. ಆದರೆ ಅದೇ ಏಕಾಂತದ ಧಾಟಿಯನ್ನು ಕಾವೇರಿಗೆ ತಂದಾಗ ಅದು ಸುಳ್ಳಾಗುತ್ತದೆ. ‘ನಾನು ಮತ್ತು ನದಿ’ ಎಂದು ಬರೆಯುವವನ ಎಡಗಡೆ ಎರಡು ಅಡಿ ದೂರದಲ್ಲಿ ಹರಿಗೋಲಿನ ಹುಟ್ಟು ಹಿಡಿದು ಇನ್ನೊಬ್ಬ ಕೂತಿದ್ದಾನೆ.

ಫೋಟೋಗಳನ್ನೇ ನೋಡಿ. ಹಿಂದೆ ಮೀನನ್ನು ಒಣಗಿಸಿ ಗೋಡೆಗೆ ಹಾಕುತ್ತಿದ್ದರು. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಶೀರ್ ಹಿಡಿದ ಜೆ. ಡಿ ವೆಟ್ ವ್ಯಾನ್ ಇಂಗೆನ್, ಪ್ರಾಣಿಗಳ ಚರ್ಮಕ್ಕೆ ತುಂಬಿಸಿ ಜೀವಂತದಂತೆ ನಿಲ್ಲಿಸುವ ಕಸುಬಿಗೆ ಹೆಸರಾದ ಮೈಸೂರಿನ ಮನೆತನದವರು. ಹಿಡಿದು ಬಿಡುವ ಪದ್ಧತಿಯಲ್ಲಿ ಮೀನು ಹೊಳೆಗೆ ಹೋಗುತ್ತದೆ, ಉಳಿಯುವುದು ಚಿತ್ರ ಮತ್ತು ಕತೆ ಮಾತ್ರ. ಹಾಗಾಗಿ ಕತೆ ಯಾರದೆಂಬ ಪ್ರಶ್ನೆ ಇಲ್ಲಿ ಹಿಂದಿಗಿಂತ ದೊಡ್ಡದು. ಈ ಚಿತ್ರಗಳಲ್ಲಿ ಅನೇಕ ಸಲ ಇಬ್ಬರಿರುತ್ತಾರೆ. ತಲೆಯ ಕಡೆ ಅತಿಥಿ, ಬಾಲದ ಕಡೆ ಗೈಡ್. ಕೆಳಗಿನ ಬರಹದಲ್ಲಿ ಅತಿಥಿಯ ಹೆಸರು, ಮೀನಿನ ತೂಕ. ಗೈಡ್ ಹೆಸರು ಇದ್ದರೂ ಒಂಟಿ ಹೆಸರು. ಊರಿಲ್ಲ, ಅಪ್ಪನ ಹೆಸರಿಲ್ಲ.

ಕಳೆದ ವರ್ಷ ನನ್ನ ಕ್ಷೇತ್ರಕಾರ್ಯದ ಭಾಗವಾಗಿ ಆ ಕಡೆಯ ಒಂದು ಹಳ್ಳಿಯಲ್ಲಿ, ಹಿಂದೆ ಗೈಡ್ ಆಗಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. “ಯಜಮಾನ್ರೇ, ಆ ಜಾಗದಲ್ಲಿ ಮೀನಿದೆ ಅಂತ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದೆ.

“ನೀರು ಮ್ಯಾಲೆ ಒಂದ್ ದಿಕ್ಕ ಓಯ್ತದೆ, ತಳದಲ್ಲಿ ಇನ್ನೊಂದ್ ದಿಕ್ಕ ಓಯ್ತದೆ ಕಣವ್ವ. ಬಂಡೆ ಹಿಂದ್ಗಡೆ ಸುಮ್ಕೆ ಕುಂತಿರ್ತದೆ. ಮೀನೂ ಅಲ್ಲೇ ಸುಮ್ಕೆ ಕುಂತಿರ್ತದೆ. ದಾರ ಬೆರಳ್ ಮ್ಯಾಲಿದ್ರೆ ಅದೇ ಯೋಳ್ತದೆ.”

“ನೀವು ಎಷ್ಟು ದೊಡ್ಡ ಮೀನು ಹಿಡಿದಿದ್ದೀರಿ?”

“ನಾನೆಲ್ಲಿ ಇಡ್ದೆ? ಸಾಯೇಬ್ರುಗೆ ಬಿದ್ದೋ. ನಾನು ತೋರುಸ್ದೆ, ಅಷ್ಟೇಯ.”

ಈ ಕೊನೆಯ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಅನೇಕ ದಿನ ನೋಡುತ್ತಿದ್ದೆ. ಕನ್ನಡದಲ್ಲಿ ಮೀನು ‘ಬೀಳುತ್ತದೆ’, ‘ಸಿಗುತ್ತದೆ’, ‘ಬರುತ್ತದೆ’. ಮನುಷ್ಯ ಇರುವುದು ಚತುರ್ಥಿ ವಿಭಕ್ತಿಯಲ್ಲಿ: ನನಗೆ ಸಿಕ್ಕಿತು, ಅವರಿಗೆ ಬಿತ್ತು. ಕ್ರಿಯೆಯ ಕರ್ತೃ ಮೀನು. ‘ಹಿಡಿದೆ’ ಎನ್ನುವುದೂ ನಮ್ಮಲ್ಲಿದೆ, ನಿಜ. ಆದರೆ ಗಾಳದ ಬಳಿ ಕೂತ ಜನ ಸಹಜವಾಗಿ ಆಡುವುದು ‘ಬಿತ್ತಾ?’ ಎಂಬ ಮಾತನ್ನೇ. ಇದನ್ನು ಹಿಡಿದುಕೊಂಡು, ನೋಡಿ, ಕನ್ನಡದ ಜನಪದರಲ್ಲಿ ಅಹಂಕಾರವಿಲ್ಲ, ಅವರ ಭಾಷೆಯೇ ಪರಿಸರಪ್ರೇಮಿ ಎಂದು ಒಂದು ಸುಂದರ ಪ್ರಬಂಧ ಬರೆದುಬಿಡಬಹುದು. ಅಂಥ ಪ್ರಬಂಧಗಳು ನಮ್ಮ ವಿಚಾರಸಂಕಿರಣಗಳಲ್ಲಿ ಸಾಕಷ್ಟಿವೆ. ಆದರೆ ‘ಸಾಯೇಬ್ರುಗೆ ಬಿದ್ದೋ’ ಎಂಬ ಮಾತಿನಲ್ಲಿ ವ್ಯಾಕರಣದ ವಿನಯದ ಜೊತೆ ಕೂಲಿಯ ಸಂಬಂಧವೂ ಇದೆ. ಸಾಹೇಬರು ದುಡ್ಡು ಕೊಟ್ಟಿದ್ದಾರೆ, ಮೀನು ಅವರಿಗೇ ಬೀಳಬೇಕು. ನಾನು ಹಿಡಿದೆ ಎಂದರೆ ಕೆಲಸ ಹೋಗುತ್ತದೆ. ಒಂದೇ ವಾಕ್ಯದಲ್ಲಿ ಲೋಕದೃಷ್ಟಿಯೂ ಇದೆ, ದಾಸ್ಯವೂ ಇದೆ. ಇವೆರಡನ್ನು ಬೇರೆ ಮಾಡಿ ಒಂದನ್ನಷ್ಟೇ ಎತ್ತಿಕೊಳ್ಳುವುದು ವಿಮರ್ಶೆಯಲ್ಲ.

ಈ ಎರಡನ್ನೂ ಒಟ್ಟಿಗೆ ಹಿಡಿದಿಟ್ಟ ಕನ್ನಡ ಕೃತಿ ಯಾವುದು ಎಂದು ಯೋಚಿಸಿದಾಗ ನನಗೆ ಸಿಕ್ಕಿದ್ದು, ಮೀನೇ ಮುಖ್ಯವಲ್ಲದ ‘ಕರ್ವಾಲೊ’ (1980). ತೇಜಸ್ವಿ ಸ್ವತಃ ಗಾಳದ ಹುಚ್ಚಿನವರು, ಆಂಡರ್ಸನ್‌ನ ಕಾಡಿನ ಕತೆಗಳನ್ನು ಕನ್ನಡಕ್ಕೆ ತಂದವರು. ಶಿಕಾರಿ ಸಾಹಿತ್ಯದ ಕಟ್ಟು ಅವರಿಗೆ ಚೆನ್ನಾಗಿ ಗೊತ್ತಿತ್ತು. ‘ಕರ್ವಾಲೊ’ದಲ್ಲಿ ಆ ಕಟ್ಟು ಇಡಿಯಾಗಿ ಇದೆ: ಅಪರೂಪದ ಪ್ರಾಣಿ, ಕಾಡಿನೊಳಗೆ ಪಯಣ, ದಾರಿ ಬಲ್ಲ ಸ್ಥಳೀಯ. ಆದರೆ ಆ ಸ್ಥಳೀಯ ಮಂದಣ್ಣ ಬಾಲದ ಕಡೆ ನಿಂತ ಗೈಡ್ ಅಲ್ಲ. ಅವನಿಗೆ ಮದುವೆಯ ಚಿಂತೆಯಿದೆ, ಕಳ್ಳಭಟ್ಟಿಯ ಕೇಸಿದೆ, ಪೆದ್ದುತನವಿದೆ, ವಿಜ್ಞಾನಿಗೂ ಕಾಣದ್ದು ಕಾಣುವ ಕಣ್ಣಿದೆ. ನಿರೂಪಕ ಅವನನ್ನು ನೋಡಿ ನಗುತ್ತಾನೆ, ಬೈಯುತ್ತಾನೆ. ತನಗೆ ಅವನು ಅರ್ಥವಾಗಿಲ್ಲ ಎಂಬುದು ನಿರೂಪಕನಿಗೆ ನಿಧಾನವಾಗಿ ತಿಳಿಯುತ್ತದೆ. ಕೊನೆಗೆ ಹಾರುವ ಓತಿ ಯಾರ ಕೈಗೂ ಸಿಗದೆ ತೇಲಿ ಹೋಗುತ್ತದೆ. ಹೀಗಾಗಿ ‘ಹಿಡಿದದ್ದು ಯಾರು’ ಎಂಬ ಪ್ರಶ್ನೆಯೇ ಕಾದಂಬರಿಯಲ್ಲಿ ಬಿದ್ದುಹೋಗಿ, ‘ಕಂಡದ್ದು ಯಾರಿಗೆ’ ಎಂಬುದು ಉಳಿಯುತ್ತದೆ. ಮಂದಣ್ಣನ ಬೆಲೆ ತಿಳಿಯಲು ಒಬ್ಬ ವಿಜ್ಞಾನಿಯ ಸರ್ಟಿಫಿಕೇಟ್ ಬೇಕಾಯಿತಲ್ಲ ಎಂಬ ತಕರಾರು ನನಗಿದೆ. ಆದರೂ ಬಲ್ಲವನಿಗೆ ಮಾತು, ಮನೆ, ದೌರ್ಬಲ್ಯ ಎಲ್ಲ ಕೊಟ್ಟ ಕಥನ ಅದು. ಕಾವೇರಿಯ ಗೈಡ್‌ಗಳಿಗೆ ಅಂಥ ಕಥನ ಸಿಗಲಿಲ್ಲ.

ಸಿಗದಿದ್ದರೆ ಏನಾಯಿತು, ಅದು ಬರೀ ಸಾಹಿತ್ಯದ ನಷ್ಟವಲ್ಲವೇ ಎಂದು ಕೇಳಬಹುದು. ಅಲ್ಲ, ಮೀನಿಗೂ ನಷ್ಟವಾಯಿತು ಎಂಬುದು ನನ್ನ ವಾದ. ಶಿಬಿರದ ಸಾಹಿತ್ಯದ ಕಣ್ಣು ನೆಟ್ಟಿದ್ದು ಗಾತ್ರದ ಮೇಲೆ: ಎಷ್ಟು ಪೌಂಡು, ಎಷ್ಟು ಹೊತ್ತು, ದಾಖಲೆ ಮುರಿಯಿತೇ. ಅದೇ ಹೊತ್ತಿನಲ್ಲಿ ಹೊಳೆಯೊಳಗೆ ಬೇರೊಂದು ಕತೆ ನಡೆಯುತ್ತಿತ್ತು. ಸಂರಕ್ಷಣೆಯ ಹೆಸರಿನಲ್ಲಿ ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಶೀರ್‌ಗಳನ್ನು ಕಾವೇರಿಗೂ ಬಿಡಲಾಗಿತ್ತು. ಅವು ಹೆಚ್ಚಿದವು. ಇಲ್ಲಿಯದೇ ಆದ, ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ದೊಡ್ಡ ಮಶೀರ್‌ನ ಮರಿಗಳು ಕಾಣದಾದವು. ಗಾಳಕ್ಕೆ ಬೀಳುವ ಮೀನಿನ ಲೆಕ್ಕ ಏರುತ್ತಿದ್ದುದರಿಂದ ಎಲ್ಲರಿಗೂ ಖುಷಿ. ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಗಾಳದವರು ಹಾಡಿ ಹೊಗಳಿದ ಆ ಗೂನು ಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ದಕ್ಕಿದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವಿವರಿಸಲಾಗಿದ್ದ ‘ಟಾರ್ ರೆಮಾದೇವಿ’ಯೇ ಇದು ಎಂದು ಸಂಶೋಧಕರು ಗುರುತಿಸಿದರು. ಅದೇ ವರ್ಷ ಐಯುಸಿಎನ್ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹೆಸರು ಸಿಗುವಷ್ಟರಲ್ಲಿ ಮೀನು ಮುಗಿಯುವ ಹಂತಕ್ಕೆ ಬಂದಿತ್ತು.

ಈ ಬದಲಾವಣೆಯನ್ನು ದಾಖಲಿಸಿದ ಪಠ್ಯ ಯಾವುದು ಗೊತ್ತೇ? ಯಾವ ಸಾಹಸಕಥನವೂ ಅಲ್ಲ, ಗಾಳಿಬೋರೆ ಶಿಬಿರದ ದಿನಚರಿ ಲೆಕ್ಕ. 1998ರಿಂದ 2012ರವರೆಗೆ ಅಲ್ಲಿ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಶೀರ್‌ಗಳ ವಿವರವನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೀನಿನ ಸಂಖ್ಯೆ ಏರಿ ಗಾತ್ರ ಇಳಿದದ್ದನ್ನೂ, ಗೂನು ಬೆನ್ನಿನ ಮೀನು ಕ್ಷೀಣಿಸಿದ್ದನ್ನೂ ತೋರಿಸಿತು. ವಿಶೇಷಣಗಳೇ ಇಲ್ಲದ, ‘ನಾನು’ ಎಂಬುದೇ ಇಲ್ಲದ, ದಿನಾಂಕ ಮತ್ತು ತೂಕದ ಸಾಲುಗಳು ಉಳಿದೆಲ್ಲ ಗದ್ಯಕ್ಕಿಂತ ಹೆಚ್ಚು ನಿಜ ಹೇಳಿದವು. ದಿನವೂ ಹೊಳೆಯಲ್ಲಿದ್ದ ಗೈಡ್‌ಗಳಿಗೆ ಈ ಬದಲಾವಣೆ ಅಧ್ಯಯನಕ್ಕಿಂತ ಮೊದಲೇ ಕೈಗೆ ಹತ್ತಿರಬೇಕು. ನಾನು ಮಾತಾಡಿಸಿದ ಹಿರಿಯರು ಎರಡು ಮೀನುಗಳ ಹುರುಪೆ, ತುಟಿ, ಓಟ ಹೇಗೆ ಬೇರೆ ಎಂದು ಕಾಲು ಗಂಟೆ ವಿವರಿಸಿದರು. ಇದನ್ನು ಇವರಲ್ಲಿ ಯಾರೂ ಕೇಳಿ ಬರೆದುಕೊಂಡಿರಲಿಲ್ಲ.

ಆಮೇಲಿನದು ಗೊತ್ತಿರುವ ಕತೆ. ಸಂರಕ್ಷಿತ ಅರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ವ್ಯಾಖ್ಯಾನ ಬಂದು, 2010ರ ದಶಕದ ಆರಂಭದಲ್ಲಿ ಈ ಶಿಬಿರಗಳ ಗಾಳ ನಿಂತಿತು. ಗಾಳದವರಿದ್ದಾಗ ಕಾವಲಿತ್ತು, ಈಗ ಸಿಡಿಮದ್ದಿನವರಿಗೆ ಹೊಳೆ ಬಿಟ್ಟುಕೊಟ್ಟಂತಾಗಿದೆ ಎಂದು ಒಂದು ಪಕ್ಷ. ಮನರಂಜನೆಗಾಗಿ ಜೀವಿಯ ಬಾಯಿಗೆ ಕೊಕ್ಕೆ ಹಾಕುವುದನ್ನು ಸಂರಕ್ಷಣೆ ಎನ್ನಬೇಡಿ ಎಂದು ಇನ್ನೊಂದು ಪಕ್ಷ. ಎರಡರಲ್ಲೂ ಹುರುಳಿದೆ. ಇದೇ ಜಾತಿಗೆ ಸೇರಿದ ಮೀನುಗಳಿಗೆ ಶೃಂಗೇರಿಯ ತುಂಗೆಯಲ್ಲಿ ಪುರಿ ಹಾಕಿ ಕೈಮುಗಿಯುವ ನಾಡು ನಮ್ಮದು. ಕೊಕ್ಕೆಯಿಲ್ಲದೆಯೂ ಮೀನನ್ನು ಕಾಪಾಡಿದ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಆದರೆ ಈ ವಾದವಿವಾದದಲ್ಲೂ ಇಂಗ್ಲಿಷ್ ಬಲ್ಲ ಎರಡು ಪಕ್ಷಗಳಷ್ಟೇ ಮಾತಾಡಿದವು. ರಾತ್ರೋರಾತ್ರಿ ಕಸುಬು ಕಳೆದುಕೊಂಡವರ ಅಭಿಪ್ರಾಯ ಎರಡೂ ಕಡೆಯವರ ವಾದಕ್ಕೆ ಬೇಕಾದಾಗ ಒಂದೊಂದು ಸಾಲಾಗಿ ಬಂದುಹೋಯಿತು.

ತಪ್ಪನ್ನೆಲ್ಲ ಇಂಗ್ಲಿಷ್ ಗಾಳದವರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಭೀಮೇಶ್ವರಿಯ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬಂದ ಪ್ರವಾಸ ಲೇಖನಗಳನ್ನು ಒಟ್ಟುಮಾಡಿ ಓದಿದ್ದೇನೆ. ಅಲ್ಲೂ ‘ನಿಸರ್ಗದ ಮಡಿಲು’, ‘ಒತ್ತಡದ ಬದುಕಿನಿಂದ ಬಿಡುಗಡೆ’. ಹರಿಗೋಲು ಹಾಕಿದವರ ಹೆಸರು ಅಲ್ಲೂ ಇಲ್ಲ. ಅವರು ಆಡುವ ಕನ್ನಡ ನಮ್ಮದೇ ಆಗಿದ್ದರೂ ನಾವು ಅವರನ್ನು ಕೇಳಿದ್ದು ದಾರಿ ಮತ್ತು ಊಟದ ಹೊತ್ತನ್ನು ಮಾತ್ರ.

ಇದು ಇನ್ನಷ್ಟು ಖೇದ ತರುವುದು ಆ ಸೀಮೆಯ ಕಾರಣದಿಂದ. ಮಲೆ ಮಾದೇಶ್ವರನ ಕಾವ್ಯ, ಮಂಟೇಸ್ವಾಮಿ ಕಾವ್ಯಗಳನ್ನು ಹಾಡುವ ನೀಲಗಾರರು, ಕಂಸಾಳೆಯವರು ಓಡಾಡುವ ಸೀಮೆ ಅದು. ಕನ್ನಡ ಜಾನಪದ ಅಧ್ಯಯನ ಅವರ ಮುಂದೆ ಕೂತು, ರಾತ್ರಿಗಟ್ಟಲೆ ಕೇಳಿ, ಸಾವಿರಾರು ಸಾಲುಗಳನ್ನು ಬರೆದುಕೊಂಡಿತು, ಹಾಡಿದವರ ಹೆಸರು ಊರು ಸಹಿತ. ಅಷ್ಟು ದೊಡ್ಡ ಕೆಲಸ ಮಾಡಿದ ನಮ್ಮ ವಿಭಾಗಗಳು ಪಕ್ಕದಲ್ಲೇ ಹರಿಯುವ ಹೊಳೆಯ ತಿಳಿವಳಿಕೆಯನ್ನು ಪಠ್ಯವೆಂದು ಎಣಿಸಲಿಲ್ಲ. ಮಡುಗಳ ಹೆಸರು, ಬಂಡೆಗಳ ಹೆಸರು, ನೀರಿನ ಬಗೆಗಳಿಗೆ ಇರುವ ಮಾತು, ಬಿಳಿಮೀನು ಎಂದು ಅವರು ಕರೆಯುವ ಮಶೀರ್‌ನ ನಡೆ, ಇವು ಹಾಡಾಗಿರಲಿಲ್ಲ ಎಂಬುದೊಂದೇ ಕಾರಣವಿದ್ದೀತು.

ಮೇಕೆದಾಟು ಅಣೆಕಟ್ಟು ಕಟ್ಟಿದರೆ ಆ ಬಂಡೆ ಮಡುಗಳಲ್ಲಿ ಅನೇಕವು ನೀರಿನಡಿ ಹೋಗುತ್ತವೆ. ಅಣೆಕಟ್ಟು ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಅದಕ್ಕೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಹಳೆಯ ಗೈಡ್‌ಗಳಲ್ಲಿ ಇನ್ನೂ ಇರುವವರು ಅರವತ್ತು ಎಪ್ಪತ್ತರ ಆಸುಪಾಸಿನವರು. ಯಾವುದಾದರೂ ಕನ್ನಡ ವಿಭಾಗದ ಇಬ್ಬರು ವಿದ್ಯಾರ್ಥಿಗಳು ಒಂದು ಬೇಸಿಗೆ ರಜೆಯಲ್ಲಿ ರೆಕಾರ್ಡರ್ ಹಿಡಿದುಕೊಂಡು ಹೋದರೆ, ಆ ದಂಡೆಯ ಮಡುಗಳ ಒಂದು ಪಟ್ಟಿಯನ್ನಾದರೂ ತರಬಹುದು. ನನ್ನ ಬಳಿ ಈಗ ಹನ್ನೊಂದು ಹೆಸರುಗಳಿವೆ.